ಮೀಥೇನ್ ಗುರುತಿನ ಉಚಿತ ಡೇಟಾಬೇಸ್: ಎರಡು ವರ್ಷ ಬಳಸಿದ ಮೇಲೆ

ಗ್ಯಾಸ್ ಬಾವಿಯಿಂದ ಸೋರುವ ಮೀಥೇನ್, ಹಸು ತೇಗಿದಾಗ ಬರುವ ಮೀಥೇನ್, ಎರಡೂ ಒಂದೇ ಅಣು. ಬಣ್ಣ ಇಲ್ಲ, ವಾಸನೆ ಇಲ್ಲ. ಯಾವುದು ಎಲ್ಲಿಂದ ಬಂತು ಅಂತ ಹೇಳಬೇಕಾದರೆ ಒಳಗಿನ ಇಂಗಾಲವನ್ನು ನೋಡಬೇಕು. ಇಂಗಾಲದಲ್ಲಿ ನೂರಕ್ಕೆ ಸುಮಾರು ಒಂದರಷ್ಟು ಇಂಗಾಲ-13 ಅನ್ನುವ ತುಸು ಭಾರದ ಇಂಗಾಲ ಇರುತ್ತದೆ, ಮೂಲ ಬದಲಾದರೆ ಆ ಪಾಲೂ ಚೂರು ಬದಲಾಗುತ್ತದೆ. ಆ ಚೂರು ವ್ಯತ್ಯಾಸಗಳನ್ನೆಲ್ಲ ಒಂದೇ ಕಡೆ ಸೇರಿಸಿಟ್ಟ ಡೇಟಾಬೇಸ್ ಬಗ್ಗೆ ಬರೆಯುತ್ತಿದ್ದೇನೆ. ಓವೆನ್ ಶೆರ್ವುಡ್ ಮತ್ತು ಸಂಗಡಿಗರು 2017ರಲ್ಲಿ ಹೊರತಂದದ್ದು. ಸಾಗರ ಮತ್ತು ವಾತಾವರಣ ಅಧ್ಯಯನ ಮಾಡುವ ಅಮೆರಿಕದ ನೋವಾ (NOAA) ಸಂಸ್ಥೆಯ ತಾಣದಲ್ಲಿ ಉಚಿತವಾಗಿ ಸಿಗುತ್ತದೆ.

ಒಳಗೆ ಏನಿದೆ? 190 ಪ್ರಕಟಿತ ಬರಹಗಳಿಂದ ಆಯ್ದ 10,706 ಮಾದರಿಗಳು. ಅದರಲ್ಲಿ 8,734 ನೆಲದಡಿಯ ಇಂಧನದವು: ನೈಸರ್ಗಿಕ ಅನಿಲ, ಶೇಲ್ ಗ್ಯಾಸ್, ಕಲ್ಲಿದ್ದಲು. ಉಳಿದ 1,972 ಜೌಗು, ಭತ್ತದ ಗದ್ದೆ, ದನ, ಗೆದ್ದಲು, ಕಸದ ಗುಡ್ಡೆ, ಬೆಂಕಿ ಇವುಗಳದ್ದು. ಇಷ್ಟನ್ನು ಯಾರೋ ಕೂತು ಹಳೆಯ ಲೇಖನಗಳಿಂದ ಒಂದೊಂದಾಗಿ ಎತ್ತಿ ಬರೆದಿದ್ದಾರೆ ಅಂತ ನೆನೆದರೆ ನನಗೆ ನಿಜಕ್ಕೂ ಕೈ ಮುಗಿಯಬೇಕು ಅನಿಸುತ್ತದೆ.

ಸಂಖ್ಯೆಗಳನ್ನು ಓದುವುದು ಕಷ್ಟವೇನಲ್ಲ. ಅಮೆರಿಕದ ಪೀಡೀ ಎಂಬಲ್ಲಿನ ಪಳೆಯುಳಿಕೆಯನ್ನು ಅಳತೆಗೋಲಾಗಿ ಇಟ್ಟುಕೊಂಡಿದ್ದಾರೆ. ಅದರಲ್ಲಿ ಸಾವಿರ ಇಂಗಾಲ-13 ಇರುವ ಜಾಗದಲ್ಲಿ ನಿಮ್ಮ ಮೀಥೇನ್‌ನಲ್ಲಿ 930 ಇದ್ದರೆ, ಅದರ ಗುರುತು -70. ಸೂಕ್ಷ್ಮಜೀವಿಗಳಿಗೆ ಹಗುರ ಇಂಗಾಲವೇ ಇಷ್ಟ, ಹಾಗಾಗಿ ಅವು ಮಾಡಿದ ಮೀಥೇನ್ ಹೆಚ್ಚಾಗಿ -60ರ ಹತ್ತಿರ ಇರುತ್ತದೆ. ಭೂಮಿಯ ಆಳದಲ್ಲಿ ಬಿಸಿಗೆ ಬೆಂದು ಹುಟ್ಟಿದ ಗ್ಯಾಸ್ ಅದಕ್ಕಿಂತ ಭಾರ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಈ ಡೇಟಾಬೇಸ್‌ನಲ್ಲಿ ಸರಾಸರಿ ಬಿಟ್ಟು ಸಾಲುಗಳನ್ನು ನೋಡಿ. ಮಾಮೂಲಿ ಗ್ಯಾಸ್ ನಿಕ್ಷೇಪಗಳ ಸರಾಸರಿ -44, ಆದರೆ ಅದರ ಹರವು ಆಚೆಗೂ ಈಚೆಗೂ ಹತ್ತಕ್ಕಿಂತ ಜಾಸ್ತಿ! ಬ್ರಿಟನ್ ಪಕ್ಕದ ನಾರ್ತ್ ಸೀ ಸಮುದ್ರದ ದಕ್ಷಿಣ ಭಾಗದ ಗ್ಯಾಸ್ ಹಳೆಯ ಕಲ್ಲಿದ್ದಲಿನಿಂದ ಹುಟ್ಟಿದ್ದು, ಅದು -34ರ ಆಸುಪಾಸು. ಪಶ್ಚಿಮ ಸೈಬೀರಿಯಾದ ಉರೆಂಗೋಯ್ ಕಡೆ ಹೆಚ್ಚು ಆಳವಿಲ್ಲದ ಪದರಗಳದ್ದು -50ರ ಹತ್ತಿರ. ಇಟಲಿಯ ಪೋ ಬಯಲಿಗೆ ಹೋದರೆ ಸೂಕ್ಷ್ಮಜೀವಿಗಳೇ ಮಾಡಿಟ್ಟ ಗ್ಯಾಸ್, ಸುಮಾರು -70. ಇವನ್ನೆಲ್ಲ ಕೂಡಿಸಿ ಭಾಗಿಸಿ ಒಂದೇ ಸಂಖ್ಯೆ ಇಟ್ಟುಕೊಂಡರೆ ಏನಾಗುತ್ತದೆ ಅಂತ ನಾನೇ ಅನುಭವಿಸಿದ್ದೇನೆ.

ಪೋ ಬಯಲಲ್ಲಿ ಹೈನುಗಾರಿಕೆಯೂ ಜೋರು, ಗ್ಯಾಸ್ ಬಾವಿಗಳೂ ಇವೆ. ಅಲ್ಲಿಗೆ ಹೊಂದುವ ಹಾಗೆ ಅಭ್ಯಾಸಕ್ಕೆ ಒಂದು ಲೆಕ್ಕ ಇಟ್ಟುಕೊಂಡಿದ್ದೆ. ಗಾಳಿಯಲ್ಲಿ ಹೆಚ್ಚಾಗಿ ಸೇರಿದ ಮೀಥೇನ್‌ನ ಗುರುತು -66 ಅಂತ ಇಟ್ಟುಕೊಳ್ಳಿ. ಹಸುವಿಗೆ -65, ಗ್ಯಾಸ್‌ಗೆ ನನ್ನ ಹಳೆಯ ನೋಟ್ಸ್‌ನಲ್ಲಿದ್ದ -40. ಉತ್ತರ: ಗ್ಯಾಸ್ ಸೋರಿಕೆ ಇಲ್ಲವೇ ಇಲ್ಲ, ಎಲ್ಲ ಹಸುವಿನದೇ. ಆಮೇಲೆ ಡೇಟಾಬೇಸ್ ತೆರೆದು ಅಲ್ಲಿನ ಗ್ಯಾಸ್‌ನ -70 ಹಾಕಿದೆ. ಐದರಲ್ಲಿ ಒಂದು ಪಾಲು ಗ್ಯಾಸ್‌ನದು ಅಂತ ಬಂತು! ಹಸುವಿನ ಸಂಖ್ಯೆಯೂ ಗಟ್ಟಿಯಲ್ಲ, ಯಾಕೆಂದರೆ ಅದು ಏನು ತಿಂದಿದೆ ಅನ್ನುವುದರ ಮೇಲೆ ಗುರುತು ಬದಲಾಗುತ್ತದೆ. ನಮ್ಮೂರಲ್ಲೂ ಹಾಗೇ ಅಲ್ವಾ, ಭತ್ತದ ಹುಲ್ಲು ತಿಂದ ಹಸುವಿಗಿಂತ ಜೋಳದ ಸಪ್ಪೆ ತಿಂದ ಹಸುವಿನ ಮೀಥೇನ್ ಭಾರ, ಏಕೆಂದರೆ ಜೋಳದ ಗಿಡ ಗಾಳಿಯಿಂದ ಇಂಗಾಲ ಹಿಡಿಯುವ ರೀತಿಯೇ ಬೇರೆ. ಮೆಕ್ಕೆಜೋಳವೂ ಅದೇ ಥರ, ಅದನ್ನು ತಿನ್ನುವ ಹಸುಗಳಿದ್ದರೆ ನನ್ನ ಲೆಕ್ಕದಲ್ಲಿ ಗ್ಯಾಸ್‌ನ ಪಾಲು ಇನ್ನೂ ಏರುತ್ತದೆ. ಆ ದಿನದಿಂದ ಸರಾಸರಿ ಮುಟ್ಟುವುದನ್ನೇ ಬಿಟ್ಟೆ.

ಜಗತ್ತಿನ ಲೆಕ್ಕದಲ್ಲೂ ಇದೇ ಆಯಿತು. ಬಹಳ ಕಾಲ ಬಳಕೆಯಲ್ಲಿದ್ದ ಸಂಖ್ಯೆಗಳಿಗಿಂತ ಇಲ್ಲಿನ ನೆಲದಡಿಯ ಇಂಧನದ ಗುರುತು ಹಗುರ. ಡೇಟಾಬೇಸ್ ಹೊರಬರುವ ಮೊದಲೇ, ಇದೇ ಸಂಗ್ರಹದ ಮೇಲೆ ನಿಂತ 2016ರ ಅಧ್ಯಯನವೊಂದು, ಇಂಧನ ಉದ್ಯಮ ಮತ್ತು ನೆಲದಿಂದ ತಾನಾಗಿ ಜಿನುಗುವ ಮೀಥೇನ್ ಎರಡೂ ಸೇರಿ, ಅಲ್ಲಿಯವರೆಗಿನ ಅಂದಾಜಿಗಿಂತ ಶೇಕಡಾ 60ರಿಂದ 110ರಷ್ಟು ಜಾಸ್ತಿ ಅಂತ ಹೇಳಿತು. ಸುಮ್ನೆ ಕೂತು ಹಳೆಯ ಪೇಪರ್ ಕಲೆಹಾಕಿದ ಕೆಲಸ ಅಂತ ಯಾರಾದರೂ ಅಂದರೆ ಈ ಮಾತನ್ನು ಅವರಿಗೆ ಹೇಳಿ.

ಕೊರತೆಗಳೂ ಇವೆ. ಪ್ರಕಟವಾದದ್ದಷ್ಟೇ ಇಲ್ಲಿ ಸೇರಿರುವುದರಿಂದ, ಯಾವ ದೇಶದವರು ಜಾಸ್ತಿ ಬರೆದಿದ್ದಾರೋ ಅವರ ಸಾಲುಗಳೇ ಜಾಸ್ತಿ. ಇಂಧನದ ಮಾದರಿಗಳು ಬಹುಪಾಲು ಬಾವಿಯವು, ಹಲವು ಕಡೆಯ ಗ್ಯಾಸ್ ಬೆರೆತು ಹರಿಯುವ ನಗರದ ಪೈಪಿನ ಸೋರಿಕೆಗೆ ಅವನ್ನು ನೇರವಾಗಿ ಬಳಸಬೇಡಿ. ಅಲ್ಲಿನ ಗ್ಯಾಸ್ ನೀವೇ ಹಿಡಿದು ಅಳೆಯಬೇಕು.

ನನಗೆ ಹೆಚ್ಚು ಬೇಜಾರು ಆಗುವುದು ಹೈಡ್ರೋಜನ್ ಕಾಲಂ ನೋಡಿದಾಗ. ಮೀಥೇನ್‌ನ ಹೈಡ್ರೋಜನ್‌ನಲ್ಲೂ ಭಾರದ್ದು, ಹಗುರದ್ದು ಅಂತ ಇದೆ, ಅದರ ಗುರುತನ್ನೂ ಇದೇ ರೀತಿ ಸಂಖ್ಯೆಯಲ್ಲಿ ಹೇಳುತ್ತಾರೆ. ಇಂಗಾಲದ ಸಂಖ್ಯೆಗಳಿಗೆ ಹೋಲಿಸಿದರೆ ಅದು ತುಂಬ ಖಾಲಿ. ಗ್ಯಾಸ್‌ನಲ್ಲಿ ಈಥೇನ್ (ಬಾವಿಯ ಗ್ಯಾಸ್‌ನಲ್ಲಿ ಮೀಥೇನ್ ಜೊತೆ ಬರುವ ಇನ್ನೊಂದು ಅನಿಲ) ಚೆನ್ನಾಗಿದ್ದರೆ ಚಿಂತೆಯಿಲ್ಲ, ಹಸುವಿನ ಹೊಟ್ಟೆಯಲ್ಲಿ ಈಥೇನ್ ಹುಟ್ಟುವುದಿಲ್ಲ, ಅದರಿಂದಲೇ ಬೇರೆ ಮಾಡಬಹುದು, ಮತ್ತು ಇಂಧನದ ಮಾದರಿಗಳಿಗೆ ಅನಿಲ ಮಿಶ್ರಣದ ವಿವರವನ್ನೂ ಇದರಲ್ಲಿ ಕೊಟ್ಟಿದ್ದಾರೆ. ಆದರೆ ಪೋ ಬಯಲಿನಂಥ ಗ್ಯಾಸ್‌ನಲ್ಲಿ ಈಥೇನ್ ಇಲ್ಲವೆನ್ನುವಷ್ಟು ಕಡಿಮೆ. ಇಂಗಾಲವೂ ಹಸುವಿನ ಥರವೇ. ಆಗ ಉಳಿಯುವುದು ಹೈಡ್ರೋಜನ್ ಒಂದೇ: ಅಂಥ ಗ್ಯಾಸ್‌ದು -200ರ ಆಸುಪಾಸು, ಹಸುವಿನದು -300ರಿಂದ ಕೆಳಗೆ. ಎಷ್ಟು ದೊಡ್ಡ ಅಂತರ ನೋಡಿ!

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. 2020ರ ಆವೃತ್ತಿಯೂ ಇದೆ, ಹೊಸದಾಗಿ ಶುರು ಮಾಡುವವರು ಅದನ್ನೇ ಇಳಿಸಿಕೊಳ್ಳಿ. ಮೊದಲು ದೇಶ, ಆಮೇಲೆ ಬೇಸಿನ್ (ಗ್ಯಾಸ್ ನಿಕ್ಷೇಪಗಳಿರುವ ಭೂಪ್ರದೇಶ) ಅಂತ ಸೋಸಿ, ನಿಮ್ಮ ನಿಕ್ಷೇಪದ ಸಾಲು ಸಿಕ್ಕ ಮೇಲೆ ಅದರ ಮೂಲ ಲೇಖನವನ್ನೂ ಒಮ್ಮೆ ತೆರೆದು ಓದಿ. ಮಾದರಿಯನ್ನು ಯಾವ ಆಳದಿಂದ ತೆಗೆದರು ಅನ್ನುವುದು ಕೆಲವು ಸಲ ಅಲ್ಲಿ ಮಾತ್ರ ಇರುತ್ತದೆ.