ನಲವತ್ತರ ಹೊಸ್ತಿಲಲ್ಲಿ ನರ್ಸಿಂಗ್ ಸೇರುವವರೇ, ಡ್ಯೂಟಿ ಪಟ್ಟಿ ನೋಡದೆ ಫೀಸ್ ಕಟ್ಟಬೇಡಿ

ಮೊನ್ನೆ ಪರಿಚಯದ ಹೆಂಗಸೊಬ್ಬರು ಫೋನ್ ಮಾಡಿದ್ದರು. ವಯಸ್ಸು 41, ಇಬ್ಬರು ಮಕ್ಕಳು. ಕೆಲಸಕ್ಕೆ ರಾಜೀನಾಮೆ ಬರೆದಿಟ್ಟುಕೊಂಡಿದ್ದಾರೆ, ಸೋಮವಾರ ನರ್ಸಿಂಗ್ ಕೋರ್ಸಿಗೆ ಫೀಸ್ ಕಟ್ಟುವವರಿದ್ದಾರೆ. ‘ಸಂಸಾರ ಇರೋರಿಗೆ ಅಂತಲೇ ಮಾಡಿರೋ ಬ್ಯಾಚ್ ಅಂತೆ, ಕ್ಲಾಸೆಲ್ಲ ಶನಿವಾರ ಭಾನುವಾರ ಅಂತೆ’ ಅಂದರು. ಆ ‘ಅಂತೆ’ ಕೇಳಿ ನನ್ನ ಹೊಟ್ಟೆ ತೊಳಸಿತು. ಎರಡು ವರ್ಷದ ಹಿಂದೆ ಇದೇ ‘ಅಂತೆ’ ನಂಬಿ ನಾನು ಹನ್ನೆರಡು ವರ್ಷದ ಲೆಕ್ಕಪತ್ರದ ಕೆಲಸ ಬಿಟ್ಟೆ, ಸಾಲ ತೆಗೆದೆ, ಎರಡನೇ ಸೆಮಿಸ್ಟರಿನಲ್ಲಿ ಮನೆಗೆ ಬಂದು ಕೂತೆ. ಅವರಿಗೆ ಹೇಳಿದ್ದನ್ನೇ ಇಲ್ಲೂ ಬರೆಯುತ್ತಿದ್ದೇನೆ. ಸಂಸ್ಥೆಯ ಹೆಸರು ಹೇಳುವುದಿಲ್ಲ. ಇಂಥ ಮಾತು ಹೇಳುವ ಕಡೆ ಅದೊಂದೇ ಇರಲಾರದು.

ಮೊದಲೇ ಒಂದು ವಿಷಯ ಸ್ಪಷ್ಟ ಮಾಡಿಬಿಡುತ್ತೇನೆ. ವಯಸ್ಸು ನನಗೆ ಅಡ್ಡ ಬರಲಿಲ್ಲ. ಸೇರುವ ಮುಂಚೆ ಎಲ್ಲರೂ ಹೆದರಿಸಿದ್ದು ಅದನ್ನೇ: ‘ಈ ವಯಸ್ಸಲ್ಲಿ ಓದಿದ್ದು ತಲೆಗೆ ಹತ್ತುತ್ತಾ?’ ಹತ್ತಿತು. ಅಂಗರಚನೆಯ ಪಾಠದಲ್ಲಿ ಮೂಳೆಗಳ ಹೆಸರು ಉರುಹೊಡೆಯಲು ಹದಿನೆಂಟರ ಹುಡುಗಿಯರಿಗಿಂತ ನನಗೆ ಹೆಚ್ಚು ಹೊತ್ತು ಬೇಕಾಯಿತು, ನಿಜ. ಆದರೆ ಔಷಧದ ಲೆಕ್ಕದಲ್ಲಿ ಅವರೇ ನನ್ನ ಬೆಂಚಿಗೆ ಬರುತ್ತಿದ್ದರು. ಒಂದು ಲೀಟರ್ ಸಲೈನ್ ಎಂಟು ಗಂಟೆಯಲ್ಲಿ ಹೋಗಬೇಕು, ಡ್ರಿಪ್ ಸೆಟ್ಟಿನಲ್ಲಿ ಒಂದು ಮಿಲಿಲೀಟರಿಗೆ 20 ಹನಿ, ಹಾಗಾದರೆ ನಿಮಿಷಕ್ಕೆ ಎಷ್ಟು? ಸಾವಿರವನ್ನು 20ರಿಂದ ಗುಣಿಸಿ, ಎಂಟು ಗಂಟೆಯ 480 ನಿಮಿಷಕ್ಕೆ ಭಾಗಿಸಿದರೆ 41 ಚಿಲ್ಲರೆ, ಅಂದರೆ 42 ಹನಿ. ವರ್ಷಗಟ್ಟಲೆ ಲೆಕ್ಕ ಬರೆದವಳಿಗೆ ಇದು ಕಷ್ಟವೇ? ವಾರ್ಡಿನಲ್ಲೂ ಅಷ್ಟೇ. ಮಗು ಸಾಕಿದವರಿಗೆ, ಹಾಸಿಗೆ ಹಿಡಿದ ಹಿರಿಯರನ್ನು ನೋಡಿಕೊಂಡವರಿಗೆ ರೋಗಿಯ ಮೈ ಒರೆಸುವಾಗ ಕೈ ನಡುಗುವುದಿಲ್ಲ. ಒಬ್ಬ ಅಜ್ಜಿ ಬೇರೆ ಯಾರು ಬಂದರೂ ಮೈ ಒರೆಸಲು ಮಗ್ಗುಲಾಗುತ್ತಿರಲಿಲ್ಲ. ನಾನು ಹೋದರೆ ‘ಬಂದ್ಯಾ ತಾಯಿ’ ಅಂತ ತಾವೇ ಮಗ್ಗುಲಾಗುತ್ತಿದ್ದರು. ಹಾಗಾಗಿ ವಯಸ್ಸಿನ ಹೆಸರಲ್ಲಿ ಯಾರಾದರೂ ನಿಮ್ಮನ್ನು ತಡೆದರೆ ಕಿವಿಗೆ ಹಾಕಿಕೊಳ್ಳಬೇಡಿ. ಎಷ್ಟೋ ಕಡೆ ಪ್ರವೇಶಕ್ಕೇ ಗರಿಷ್ಠ ವಯಸ್ಸಿನ ಮಿತಿ ಇರುತ್ತದೆ, ಅದನ್ನು ಮಾತ್ರ ಮೊದಲೇ ನೋಡಿಕೊಳ್ಳಿ.

ನನ್ನನ್ನು ಕೆಡವಿದ್ದು ಕ್ಲಿನಿಕಲ್ ಡ್ಯೂಟಿ, ಅಂದರೆ ಓದಿನ ಭಾಗವಾಗಿ ಆಸ್ಪತ್ರೆಯ ವಾರ್ಡಿನಲ್ಲಿ ಮಾಡಬೇಕಾದ ಕೆಲಸ. ಫೀಸ್ ಕಟ್ಟುವ ದಿನ ಅದರ ಬಗ್ಗೆ ನಾನು ಕೇಳಿದ್ದು ಒಂದೇ ಪ್ರಶ್ನೆ. ಅಡ್ಮಿಶನ್ ಕೌಂಟರಿನವರು ನಗುನಗುತ್ತಾ, ‘ಅದೆಲ್ಲ ಅಡ್ಜಸ್ಟ್ ಮಾಡ್ಕೋಬಹುದು ಮೇಡಂ, ನಿಮ್ಮಂಥೋರು ಎಷ್ಟೋ ಜನ ಮಾಡಿದ್ದಾರೆ’ ಅಂದರು. ನಾನು ನಂಬಿದೆ. ನಂಬಬಾರದಿತ್ತು. ಅಡ್ಜಸ್ಟ್ ಮಾಡುವ ಅಧಿಕಾರ ಆ ಕೌಂಟರಿನಲ್ಲಿ ಕೂತವರಿಗಿಲ್ಲ. ಸಂಸ್ಥೆಗೂ ಅಷ್ಟಾಗಿ ಇಲ್ಲ. ಡ್ಯೂಟಿ ಯಾವ ವಾರ್ಡಿನಲ್ಲಿ, ಯಾವ ಪಾಳಿಯಲ್ಲಿ ಅನ್ನುವುದು ನಿಮ್ಮನ್ನು ಕಳಿಸುವ ಆಸ್ಪತ್ರೆಯಲ್ಲಿ ಜಾಗ ಇದೆಯೇ, ಮೇಲ್ವಿಚಾರಣೆಗೆ ಸಿಸ್ಟರ್ ಇದ್ದಾರೆಯೇ ಅನ್ನುವುದರ ಮೇಲೆ ನಿಂತಿದೆ. ಗಂಟೆಗಳ ಲೆಕ್ಕ ನಿಯಮದ್ದು. ಯುರೋಪ್ ಒಕ್ಕೂಟದ ನಿಯಮದಲ್ಲಿ ನರ್ಸ್ ಆಗಲು ಕನಿಷ್ಠ 4,600 ಗಂಟೆಯ ತರಬೇತಿ ಬೇಕು, ಅದರಲ್ಲಿ ಅರ್ಧವಾದರೂ ರೋಗಿಗಳ ಹತ್ತಿರವೇ ಕಳೆದಿರಬೇಕು. ಬೇರೆ ದೇಶಗಳಲ್ಲಿ ಅಂಕಿ ಬೇರೆ ಇರಬಹುದು. ಆದರೆ ಗಂಟೆ ತುಂಬದೆ, ನರ್ಸ್ ಕೆಲಸಕ್ಕೆ ಬೇಕಾದ ರಿಜಿಸ್ಟ್ರೇಷನ್ ಸಿಗುವುದಿಲ್ಲ ಅನ್ನುವುದು ಸಾಮಾನ್ಯವಾಗಿ ಎಲ್ಲೂ ಬದಲಾಗದು. ಆಗಲೂಬಾರದು. ನಾಳೆ ನನ್ನ ಮಗುವಿಗೆ ಇಂಜೆಕ್ಷನ್ ಕೊಡುವವರು ಅರ್ಧ ಕಲಿತವರಾಗಿರಬಾರದಲ್ಲ. ನಿಯಮದ ಮೇಲೆ ನನಗೆ ಸಿಟ್ಟಿಲ್ಲ. ಅದನ್ನು ನನಗೆ ಹೇಳದೆ ದುಡ್ಡು ತೆಗೆದುಕೊಂಡರಲ್ಲ, ಅದಕ್ಕೆ ಸಿಟ್ಟು.

ಈ ಓದಿನ ಅಚ್ಚೇ ಹಾಗೆ. 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಹೆಸರಿನ ತರಬೇತಿ ಶಾಲೆ ಶುರುವಾದಾಗ ಕಲಿಯುವ ಹೆಂಗಸರು ಆಸ್ಪತ್ರೆಯ ವಸತಿಯಲ್ಲೇ ಇರುತ್ತಿದ್ದರು. ಗಂಟೆ ಬಾರಿಸಿದರೆ ವಾರ್ಡಿಗೆ ಹೋಗುವುದು, ಮುಗಿದರೆ ಕೋಣೆಗೆ ಬರುವುದು. ಕಾದು ಕೂತ ಮಗು ಇಲ್ಲ, ಒಲೆ ಇಲ್ಲ. ಇವತ್ತಿಗೂ ಡ್ಯೂಟಿ ಪಟ್ಟಿ ಬರೆಯುವವರ ಕಣ್ಣ ಮುಂದೆ ಅಂಥ ಒಂಟಿ ಜೀವವೇ ಇದೆ ಅಂತ ನನಗೆ ಅನ್ನಿಸಿದೆ.

ಈಗ ನನ್ನ ಗಂಟೆಗಳು ಹೇಗೆ ಸೋರಿದವು ಅನ್ನುವುದು ಕೇಳಿ.

ಎರಡನೇ ಸೆಮಿಸ್ಟರಿಗೆ 240 ಗಂಟೆ ಡ್ಯೂಟಿ ಇತ್ತು. ವಾರಕ್ಕೆ ಎರಡು ದಿನ, ದಿನಕ್ಕೆ ಆರು ಗಂಟೆ, ಇಪ್ಪತ್ತು ವಾರ. ಶನಿವಾರ ಭಾನುವಾರ ಥಿಯರಿ ಕ್ಲಾಸು ಇತ್ತು, ಅದು ಸುಳ್ಳಲ್ಲ. ಡ್ಯೂಟಿ ಮಾತ್ರ ಸೋಮವಾರ ಮಂಗಳವಾರ ಬೆಳಿಗ್ಗೆ. ಯಾವ ಆಸ್ಪತ್ರೆ ಅನ್ನುವುದು ಹಿಂದಿನ ಗುರುವಾರ ರಾತ್ರಿ ವಾಟ್ಸಾಪ್ ಗ್ರೂಪಿನಲ್ಲಿ ಬರುತ್ತಿತ್ತು. ಪ್ರತಿ ಗುರುವಾರ ಹತ್ತು ಗಂಟೆ ತನಕ ಫೋನ್ ಹಿಡಿದು ಕೂರುತ್ತಿದ್ದೆ. ಬಂದ ಮೇಲೆ ಮಗುವನ್ನು ಬಿಡುವವರು ಯಾರು, ಕರೆತರುವವರು ಯಾರು ಅಂತ ಗಂಡನ ಜೊತೆ ಲೆಕ್ಕಾಚಾರ. ಅವರೂ ಎಷ್ಟು ಸಲ ರಜೆ ಕೇಳುತ್ತಾರೆ?

ಮೊದಲ ಮೂರು ವಾರ ನನ್ನನ್ನು ವಾರ್ಡಿನ ಒಳಗೇ ಬಿಡಲಿಲ್ಲ. ಕಾರಣ ಹೆಪಟೈಟಿಸ್ ಬಿ ಲಸಿಕೆ. ಸೂಜಿ ಚುಚ್ಚಿದರೆ ರಕ್ತದಿಂದ ಅಂಟುವ ಕಾಯಿಲೆ ಅದು, ಹಾಗಾಗಿ ಆಸ್ಪತ್ರೆಯವರು ಲಸಿಕೆಯ ದಾಖಲೆ ಕೇಳುತ್ತಾರೆ. ಸಾಮಾನ್ಯ ಕ್ರಮದಲ್ಲಿ ಮೂರು ಡೋಸ್: ಮೊದಲನೆಯದಾದ ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು. ಆಮೇಲೆ ಒಂದೆರಡು ತಿಂಗಳು ಬಿಟ್ಟು ರಕ್ತಪರೀಕ್ಷೆ ಮಾಡಿಸಿ ರೋಗನಿರೋಧಕ ಶಕ್ತಿ ಬಂದಿದೆಯೇ ನೋಡುತ್ತಾರೆ. ಪೂರ್ತಿ ಮುಗಿಯಲು ಅರ್ಧ ವರ್ಷದ ಮೇಲೆ ಹಿಡಿಯುವ ಈ ವಿಷಯ ನನಗೆ ತಿಳಿದದ್ದು ಡ್ಯೂಟಿಯ ಮೊದಲ ದಿನ, ವಾರ್ಡಿನ ಬಾಗಿಲಲ್ಲಿ. ಚಿಕ್ಕ ವಯಸ್ಸಿನವರಲ್ಲಿ ಎಷ್ಟೋ ಜನಕ್ಕೆ ಮಗುವಾಗಿದ್ದಾಗಲೇ ಈ ಲಸಿಕೆ ಆಗಿರುತ್ತದೆ, ನಮ್ಮ ವಯಸ್ಸಿನವರಿಗೆ ಆಗಿರುವುದು ಅಪರೂಪ. ಸೇರುವ ಯೋಚನೆ ಬಂದ ದಿನವೇ ವೈದ್ಯರನ್ನು ಕಂಡು ಶುರುಮಾಡಿ, ಸೀಟು ಸಿಗದಿದ್ದರೂ ನಷ್ಟವಿಲ್ಲ. ನಾನು ಮೊದಲ ಡೋಸ್ ಹಾಕಿಸಿಕೊಂಡು, ಉಳಿದೆರಡಕ್ಕೆ ಮುಚ್ಚಳಿಕೆ ಬರೆದುಕೊಟ್ಟು ಒಳಗೆ ಹೋಗುವಷ್ಟರಲ್ಲಿ 36 ಗಂಟೆ ಹೋಗಿತ್ತು.

ಆಮೇಲೆ ಜ್ವರ. ಆ ಸೋಮವಾರ ಇನ್ನೂ ಕಣ್ಣ ಮುಂದಿದೆ. ನಾಲ್ಕೂವರೆಗೆ ಎದ್ದು ಬಿಳಿ ಸಮವಸ್ತ್ರ ಇಸ್ತ್ರಿ ಮಾಡಿ ಕುರ್ಚಿಯ ಬೆನ್ನಿಗೆ ಹಾಕಿದ್ದೆ. ಜಡೆ ಕಟ್ಟಿ, ನೆಟ್ ಹಾಕಿ, ಕೈಗಡಿಯಾರ ಬಿಚ್ಚಿ ಜೇಬಿಗೆ ಪಿನ್ ಮಾಡುವ ಗಡಿಯಾರ ಹುಡುಕುತ್ತಿದ್ದಾಗ ಚಿಕ್ಕವಳು ನಿದ್ದೆಯಲ್ಲೇ ನರಳಿದಳು. ಹಣೆ ಮುಟ್ಟಿದರೆ ಕಾವಲಿಯಂತಿತ್ತು. ಥರ್ಮಾಮೀಟರ್ 103 ತೋರಿಸಿತು. ನಾಲ್ಕು ವರ್ಷದ ಮಗು ನನ್ನ ಸಮವಸ್ತ್ರದ ತುದಿ ಹಿಡಿದುಕೊಂಡು ‘ಅಮ್ಮ ಹೋಗ್ಬೇಡ’ ಅಂದಿತು. ಅವತ್ತು ಯಾರ ಹಾಸಿಗೆಯ ಪಕ್ಕ ನಿಲ್ಲಬೇಕಿತ್ತು ಅನ್ನುವುದರಲ್ಲಿ ನನಗೆ ಈಗಲೂ ಅನುಮಾನವಿಲ್ಲ. ಆರು ಗಂಟೆಯೊಳಗೆ ಟ್ಯೂಟರ್‌ಗೆ ಫೋನ್ ಮಾಡಿ ಹೇಳಿದೆ. ‘ಸರಿ, ಮಗೂನ ನೋಡ್ಕೊಳ್ಳಿ’ ಅಂದರು, ಒಳ್ಳೆಯ ಮನಸ್ಸಿನಿಂದಲೇ. ಆದರೆ ಪುಸ್ತಕದಲ್ಲಿ ಎರಡು ದಿನವೂ ಗೈರು ಅಂತಲೇ ಬಿತ್ತು. 12 ಗಂಟೆ. ಇನ್ನೊಂದು ತಿಂಗಳಿಗೆ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದರು, ಇನ್ನೊಂದು 12. ಒಟ್ಟು 60.

ಸೆಮಿಸ್ಟರ್ ಕೊನೆಯಲ್ಲಿ ಕರೆಸಿದರು. ಥಿಯರಿಯಲ್ಲಿ ಒಳ್ಳೆಯ ಅಂಕ ಬಂದಿತ್ತು, ಔಷಧದ ಲೆಕ್ಕದಲ್ಲಿ ನೂರಕ್ಕೆ ನೂರು. ‘ಡ್ಯೂಟಿ ಗಂಟೆ ತುಂಬಿಲ್ಲ, ಪರೀಕ್ಷೆಗೆ ಕೂರಿಸೋಕಾಗಲ್ಲ’ ಅಂದರು. ಬಾಕಿ ಗಂಟೆ ಈಗಲೇ ಮಾಡಿಕೊಡುತ್ತೇನೆ, ರಾತ್ರಿ ಪಾಳಿಯಾದರೂ ಸರಿ ಅಂತ ಅಂಗಲಾಚಿದೆ. ಆಸ್ಪತ್ರೆಯಲ್ಲಿ ಜಾಗವಿಲ್ಲ, ಮುಂದಿನ ಬ್ಯಾಚ್ ಬರುವ ತನಕ, ಅಂದರೆ ಒಂದು ವರ್ಷ ಕಾಯಬೇಕು, ಆ ವರ್ಷದ ಫೀಸ್ ಬೇರೆ ಕಟ್ಟಬೇಕು. ಕಟ್ಟಿದ್ದು ವಾಪಸ್ ಬರುವುದಿಲ್ಲ. ನಾನು ಸಹಿ ಹಾಕಿದ ಅರ್ಜಿಯ ಹಿಂಭಾಗದಲ್ಲಿ, ಇರುವೆಯಂಥ ಅಕ್ಷರದಲ್ಲಿ, ಅದೆಲ್ಲ ಇತ್ತು. ಲೆಕ್ಕಪತ್ರದವಳಾಗಿ ಓದದೆ ಸಹಿ ಹಾಕಿದ್ದು ನನ್ನದೇ ತಪ್ಪು, ಅದನ್ನು ಮುಚ್ಚಿಡುವುದಿಲ್ಲ.

ಬೇರೆ ಸಂಸ್ಥೆಗೆ ಹೋಗಿ ವಿಚಾರಿಸಿದೆ. ಥಿಯರಿ ಅಂಕ ಬೇಕಾದರೆ ನೋಡೋಣ, ಕ್ಲಿನಿಕಲ್ ಗಂಟೆ ಮಾತ್ರ ಒಂದೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ಅಂದರು. ಮಾಡಿದ 180 ಗಂಟೆಯೂ ಹೋಯಿತು. ಅದರಲ್ಲಿ ಎಷ್ಟೋ ದಿನದ ಪುಟಗಳಿಗೆ ವಾರ್ಡಿನ ಸಿಸ್ಟರ್ ಸಹಿಯೇ ಇರಲಿಲ್ಲ. ‘ನಾಳೆ ಹಾಕ್ತೀನಿ’ ಅಂದಿದ್ದರು, ನಾನು ‘ಆಯ್ತು ಸಿಸ್ಟರ್’ ಅಂದು ಬಂದಿದ್ದೆ. ದಿನದ ಪುಟಕ್ಕೆ ಸಹಿ ಬೀಳದೆ ವಾರ್ಡ್ ಬಿಡಬೇಡಿ, ಸಂಕೋಚ ಬೇಡ. ಪುಟದ ಫೋಟೋ ತೆಗೆದಿಟ್ಟುಕೊಳ್ಳಿ.

ರಾತ್ರಿ ಪಾಳಿ ಅಂದೆನಲ್ಲ, ಅದರ ಬಗ್ಗೆಯೂ ಒಂದು ಮಾತು. ಮಧ್ಯದಲ್ಲಿ ಒಂದು ವಾರ ನಮ್ಮ ಡ್ಯೂಟಿಯನ್ನು ರಾತ್ರಿಗೆ ಹಾಕಿದ್ದರು. ಹಗಲೆಲ್ಲ ಮನೆಕೆಲಸ ಮಾಡಿ ರಾತ್ರಿ ಡ್ಯೂಟಿ ಮುಗಿಸಿ ಬೆಳಗಿನ ಜಾವ ಸ್ಕೂಟರಿನಲ್ಲಿ ಬರುವಾಗ ಸಿಗ್ನಲ್‌ನಲ್ಲಿ ನಿಂತಲ್ಲೇ ಕಣ್ಣು ಮುಚ್ಚಿತ್ತು. ಹಿಂದಿನವರ ಹಾರ್ನ್ ಕೇಳಿ ಎಚ್ಚರವಾಯಿತು. 17 ಗಂಟೆ ಎಡೆಬಿಡದೆ ಎದ್ದಿದ್ದರೆ ಕೈಕಾಲಿನ ಚುರುಕು ರಕ್ತದಲ್ಲಿ ಶೇಕಡಾ 0.05 ಮದ್ಯ ಇದ್ದವರಷ್ಟೇ ಮಂದವಾಗುತ್ತದೆ ಅಂತ ಪ್ರಯೋಗಗಳಲ್ಲಿ ಕಂಡಿದೆ. ನಾನು ಅವತ್ತು 24 ಗಂಟೆ ಎದ್ದಿದ್ದೆ. ರಾತ್ರಿ ಡ್ಯೂಟಿ ಮುಗಿದ ಮೇಲೆ ನೀವೇ ಗಾಡಿ ಓಡಿಸಬೇಡಿ, ದಯವಿಟ್ಟು.

ಆ ಫೋನ್ ಮಾಡಿದವರಿಗೆ ಹೇಳಿದ್ದಿಷ್ಟು. ಕೌಂಟರಿನವರನ್ನು ಬಿಡಿ, ಕ್ಲಿನಿಕಲ್ ಜವಾಬ್ದಾರಿ ಹೊತ್ತ ಟ್ಯೂಟರ್ ಯಾರು ಅಂತ ಕೇಳಿ, ಅವರನ್ನೇ ಕಾಣಿ. ಹೋದ ವರ್ಷದ ಬ್ಯಾಚಿನ ಡ್ಯೂಟಿ ಪಟ್ಟಿ ತೋರಿಸಿ ಅನ್ನಿ. ಈ ವರ್ಷದ್ದು ಇನ್ನೂ ಆಗಿರುವುದಿಲ್ಲ, ಆದರೆ ಹೋದ ವರ್ಷದ್ದು ಇರಲೇಬೇಕು. ಎಷ್ಟು ದಿನ ಮುಂಚೆ ಪಟ್ಟಿ ಕೊಡುತ್ತಾರೆ, ಆಸ್ಪತ್ರೆ ಎಷ್ಟು ದೂರ, ರಾತ್ರಿ ಪಾಳಿ ಯಾವ ಸೆಮಿಸ್ಟರಿನಲ್ಲಿ, ಮಗುವಿಗೆ ಹುಷಾರಿಲ್ಲದೆ ತಪ್ಪಿದ ಗಂಟೆಯನ್ನು ಯಾವಾಗ, ಎಲ್ಲಿ ತುಂಬಬಹುದು ಅನ್ನುವುದನ್ನೆಲ್ಲ ಇಮೇಲಿನಲ್ಲಿ ಕೇಳಿ, ಉತ್ತರ ಇಮೇಲಿನಲ್ಲೇ ಬರಲಿ. ಬರೆದುಕೊಡಲು ಹಿಂಜರಿದರೆ ಅಲ್ಲಿಗೇ ಬಿಟ್ಟುಬಿಡಿ. ಕೋರ್ಸಿಗೆ ಮಾನ್ಯತೆ ಇದೆಯೇ ಅನ್ನುವುದನ್ನು ಸಂಸ್ಥೆಯ ಬಾಯಿಂದ ಕೇಳಬೇಡಿ. ಭಾರತದಲ್ಲಾದರೆ ನರ್ಸಿಂಗ್ ಕೌನ್ಸಿಲ್, ಬ್ರಿಟನ್ನಿನಲ್ಲಾದರೆ ನರ್ಸಿಂಗ್ ಅಂಡ್ ಮಿಡ್‌ವೈಫರಿ ಕೌನ್ಸಿಲ್, ಅಮೆರಿಕದಲ್ಲಾದರೆ ಆಯಾ ರಾಜ್ಯದ ನರ್ಸಿಂಗ್ ಬೋರ್ಡ್, ಹೀಗೆ ನೀವಿರುವ ಕಡೆ ರಿಜಿಸ್ಟ್ರೇಷನ್ ಕೊಡುವ ಸಂಸ್ಥೆಯನ್ನೇ ವಿಚಾರಿಸಿ. ಮತ್ತೆ, ಮಕ್ಕಳಿರುವ ಹಳೆಯ ವಿದ್ಯಾರ್ಥಿಯೊಬ್ಬರ ಜೊತೆ ಮಾತಾಡಿ. ಮುಗಿಸಿದವರೊಬ್ಬರು, ಅರ್ಧಕ್ಕೆ ಬಿಟ್ಟವರೊಬ್ಬರು ಸಿಕ್ಕರೆ ಇನ್ನೂ ಒಳ್ಳೆಯದು.

‘ಸೋಮವಾರದೊಳಗೆ ಕಟ್ಟಿಲ್ಲ ಅಂದ್ರೆ ಸೀಟು ಹೋಗುತ್ತೆ ಅಂದಿದ್ದಾರೆ ಅಕ್ಕ’ ಅಂದರು ಅವರು. ನನಗೂ ಹಾಗೇ ಅಂದಿದ್ದರು. ನಾನು ಕಟ್ಟಿ ಆರು ವಾರ ಕಳೆದ ಮೇಲೂ ಅದೇ ಬ್ಯಾಚಿಗೆ ಹೊಸಬರು ಸೇರುತ್ತಿದ್ದರು.

ನಾನು ಓದು ಬಿಟ್ಟಿಲ್ಲ. ಈ ಸಲ ಬೇರೆ ಕಡೆ ಅರ್ಜಿ ಹಾಕಿದ್ದೇನೆ. ಅಲ್ಲಿಯ ಟ್ಯೂಟರ್ ಹೋದ ವರ್ಷದ ಪಟ್ಟಿಯನ್ನು ಕೇಳಿದ ಮರುದಿನವೇ ಕಳಿಸಿದರು, ಎರಡು ಪುಟ. ಡ್ಯೂಟಿ ಇಲ್ಲೂ ವಾರದ ದಿನಗಳಲ್ಲೇ ಇದೆ, ರಾತ್ರಿ ಪಾಳಿಯೂ ಇದೆ. ಗಂಡ ಅದನ್ನು ಅಡುಗೆಮನೆಯ ಗೋಡೆಗೆ ಅಂಟಿಸಿ, ತಮಗೆ ಬೆಳಗಿನ ಹೊತ್ತು ರಜೆ ಸಿಗುವ ದಿನಗಳಿಗೆ ನೀಲಿ ಪೆನ್ನಿನಲ್ಲಿ ಗುರುತು ಹಾಕುತ್ತಿದ್ದಾರೆ. ಇನ್ನೂ ಒಂಬತ್ತು ಸೋಮವಾರಕ್ಕೆ ಯಾರೂ ಸಿಕ್ಕಿಲ್ಲ. ಅವು ತುಂಬುವ ತನಕ ಫೀಸ್ ಕಟ್ಟುವುದಿಲ್ಲ.