ಅಡಿಕೆ ದುಡ್ಡು ಎಲ್ಲಿಗೆ: ಹೈ ಯೀಲ್ಡ್ ಬಾಂಡಾ, ಎಫ್‌ಡಿನಾ, ಆರ್‌ಬಿಐ ಬಾಂಡಾ?

ತೀರ್ಥಹಳ್ಳಿ ಕಡೆ ತೋಟದವ್ರು ಕೇಳಿದ್ರಿ ಅಂತ ಹೇಳ್ತಿದೀನಿ. ಹೈ ಯೀಲ್ಡ್ ಬಾಂಡ್ ಅಂದ್ರೆ ಜಾಸ್ತಿ ಬಡ್ಡಿಗೆ ಕಂಪನಿಗೆ ನಾವು ಕೊಡೋ ಸಾಲ. ಬಡ್ಡಿ ನೋಡಿದ್ರೆ ಈ ಕಂಪನಿ ಬಾಂಡೇ ಮುಂದೆ, ಆದ್ರೆ ಆ ಜಾಸ್ತಿ ಬಡ್ಡಿನೇ ರಿಸ್ಕಿನ ಬೆಲೆ, ಕಂಪನಿ ಮುಳುಗಿದ್ರೆ ಅಸಲೂ ಸಿಕ್ಕಾಕ್ಕೊಳ್ಳುತ್ತೆ, ಸಾಲ ತೀರಿಸೋ ತಾಕತ್ತಿಗೆ ಏಜೆನ್ಸಿ ಕೊಡೋ ರೇಟಿಂಗ್ ಒಂದನ್ನೇ ನಂಬೋ ಹಾಗೂ ಇಲ್ಲ, 2018ರಲ್ಲಿ ಐಎಲ್‌ಎಫ್‌ಎಸ್ ಅನ್ನೋ ದೊಡ್ಡ ಫೈನಾನ್ಸ್ ಕಂಪನಿ ರೇಟಿಂಗ್ ಕೆಲವೇ ವಾರದಲ್ಲಿ ಮೇಲಿಂದ ಡೀಫಾಲ್ಟ್‌ಗೆ, ಅಂದ್ರೆ ಸಾಲ ಕಟ್ಟದೋರ ಮಟ್ಟಕ್ಕೆ, ಬಿತ್ತು. ಎಫ್‌ಡಿಗೆ ಒಂದು ಬ್ಯಾಂಕಲ್ಲಿ 5 ಲಕ್ಷದವರೆಗೆ ವಿಮೆ ಇದೆ, ಬಾಂಡ್‌ಗಿಲ್ಲ. ಆರ್‌ಬಿಐ ಫ್ಲೋಟಿಂಗ್ (ಬಡ್ಡಿ ಆಗಾಗ ಬದಲಾಗೋ) ಬಾಂಡ್‌ಗೆ ಸರ್ಕಾರದ್ದೇ ಭದ್ರತೆ, ಆದ್ರೆ ಅವಧಿ 7 ವರ್ಷ.

ಕೊಳೆರೋಗಕ್ಕೆ ಬೋರ್ಡೋ ಹೊಡೆಸೋಕೆ, ಕೂಲಿಗೆ ಬೇಕಾಗೋ ದುಡ್ಡು ಎಫ್‌ಡಿಲೇ ಇರ್ಲಿ, ಯಾಕಂದ್ರೆ ಕಂಪನಿ ಬಾಂಡ್ ಷೇರುಪೇಟೆಲಿ ಮಾರೋ ಹಾಗೆ ಲಿಸ್ಟ್ ಆಗಿದ್ರೂ ಅರ್ಜೆಂಟಿಗೆ ಕೊಳ್ಳೋರು ಸಿಗ್ದೇ ಹೋಗ್ಬಹುದು. ದೂರದ ಖರ್ಚಿಗಾದ್ರೆ ಆರ್‌ಬಿಐದು. ಹೋದ್ರೂ ಮನೆ ನಡೆಯುತ್ತೆ ಅನ್ನೋಷ್ಟು ಇದ್ರೆ ಮಾತ್ರ ಹೈ ಯೀಲ್ಡು, ಅದೂ ಸೆಕ್ಯೂರ್ಡ್ (ಕಂಪನಿ ಆಸ್ತಿ ಅಡ ಇರೋದು) ನೋಡಿ, ನಾಲ್ಕೈದು ಕಂಪನಿಗೆ ಹಂಚಿ. ಮಗಳ ಓದಿನ ದುಡ್ಡಂತೂ ಅಲ್ಲಿಗೆ ಬೇಡ್ವೇ ಬೇಡ.