ಡೇವ್ಸ್ ರಿಡಿಸ್ಟ್ರಿಕ್ಟಿಂಗ್: ಅಂಕ ನೋಡಿ, ಅಂಕಕ್ಕಾಗಿ ಗೀಚಬೇಡಿ

ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಚುನಾವಣಾ ಕ್ಷೇತ್ರಗಳ ಗಡಿ ಬರೆಯುವುದು ಶಾಸಕರೇ. ಆಡುವವರೂ ಅವರೇ, ಅಂಪೈರೂ ಅವರೇ. ಮಿಷಿಗನ್ ರಾಜ್ಯದ ಸ್ವಯಂಸೇವಕರು ನಾಲ್ಕು ಲಕ್ಷಕ್ಕೂ ಹೆಚ್ಚು ಸಹಿ ಸಂಗ್ರಹಿಸಿ ಇದನ್ನು ಬದಲಾಯಿಸಿದರು. 2018ರಲ್ಲಿ ಪ್ರಪೋಸಲ್ 2 ಎಂಬ ಜನಮತದ ಪ್ರಸ್ತಾವ ಶೇ. 61ರಷ್ಟು ಮತ ಪಡೆದು ಗೆದ್ದಿತು. ಈಗ ಅಲ್ಲಿ ಗಡಿ ಬರೆಯುವುದು 13 ಜನ ನಾಗರಿಕರ ಆಯೋಗ: 4 ಡೆಮಾಕ್ರಾಟ್, 4 ರಿಪಬ್ಲಿಕನ್, ಯಾವ ಪಕ್ಷಕ್ಕೂ ಸೇರದ 5 ಜನ. ಆಯೋಗ ಸಾರ್ವಜನಿಕರ ನಕ್ಷೆಗಳನ್ನೂ ಸ್ವೀಕರಿಸುತ್ತದೆ. ಅದಕ್ಕೆ ಒದಗುವ ಎರಡು ಉಚಿತ ವೆಬ್ ಸಾಧನಗಳು ಡೇವ್ಸ್ ರಿಡಿಸ್ಟ್ರಿಕ್ಟಿಂಗ್ ಮತ್ತು ಡಿಸ್ಟ್ರಿಕ್ಟರ್. ಈ ವಿಮರ್ಶೆ ಮುಖ್ಯವಾಗಿ ಮೊದಲನೆಯದರದು. ಎರಡನೆಯದನ್ನು ಬಿಟ್ಟರೆ ಮೊದಲನೆಯದು ಅರ್ಧ ಕೆಲಸಕ್ಕೇ ನಿಲ್ಲುತ್ತದೆ, ಹಾಗಾಗಿ ಅದರ ಮಾತೂ ಇದೆ.

ಡೇವ್ಸ್‌ನಲ್ಲಿ ಖಾತೆ ತೆರೆದು, ರಾಜ್ಯ ಆರಿಸಿ, ಕಾಂಗ್ರೆಸ್ಸೋ (ದೇಶದ ಸಂಸತ್ತು) ರಾಜ್ಯ ಸೆನೆಟ್ಟೋ ಹೌಸೋ (ರಾಜ್ಯ ಶಾಸನಸಭೆಯ ಎರಡು ಸದನಗಳು) ಎಂದು ಹೇಳಿದರೆ ಖಾಲಿ ನಕ್ಷೆ ಬರುತ್ತದೆ. ಬ್ರಷ್ಷಿನಿಂದ ಕೌಂಟಿ (ನಮ್ಮ ಜಿಲ್ಲೆಯಂಥದ್ದು), ಪ್ರಿಸಿಂಕ್ಟ್ (ಒಂದು ಮತಗಟ್ಟೆಯ ವ್ಯಾಪ್ತಿ) ಅಥವಾ ಸೆನ್ಸಸ್ ಬ್ಲಾಕ್‌ಗೆ (ಗಣತಿಯ ಅತಿ ಚಿಕ್ಕ ತುಂಡು) ಬಣ್ಣ ಬಳಿಯುತ್ತ ಹೋಗುವುದು. ಕ್ಷೇತ್ರಕ್ಕೆ ಎಷ್ಟು ಜನ ಹೆಚ್ಚು, ಎಷ್ಟು ಕಡಿಮೆ ಎಂಬುದು ಪಕ್ಕದಲ್ಲೇ ಕಾಣುತ್ತಿರುತ್ತದೆ. ಮಿಷಿಗನ್ನಿನ 2020ರ ಜನಸಂಖ್ಯೆ 1,00,77,331. ಕಾಂಗ್ರೆಸ್ ಕ್ಷೇತ್ರ 13, ಅಂದರೆ ತಲಾ 7,75,179. ರಾಜ್ಯ ಹೌಸಿನ 110 ಕ್ಷೇತ್ರಗಳಿಗೆ ತಲಾ ಸುಮಾರು 91,600. ಕಾಂಗ್ರೆಸ್ಸಿಗೆ ಹೆಚ್ಚುಕಡಿಮೆ ಕರಾರುವಾಕ್ ಸಮಾನತೆ ಬೇಕು. ರಾಜ್ಯದ ಕ್ಷೇತ್ರಗಳಲ್ಲಿ ಅತಿ ದೊಡ್ಡದಕ್ಕೂ ಅತಿ ಚಿಕ್ಕದಕ್ಕೂ ಶೇ. 10ರೊಳಗಿನ ಅಂತರವನ್ನು ನ್ಯಾಯಾಲಯಗಳು ಸಾಮಾನ್ಯವಾಗಿ ಸಹಿಸುತ್ತವೆ.

ಎಲ್ಲಿಂದ ಶುರು ಮಾಡಬೇಕು ಎಂಬುದರ ಮೇಲೆ ಅರ್ಧ ಗೋಳು ನಿಂತಿದೆ. ಡೆಟ್ರಾಯಿಟ್‌ನಿಂದ ಹೊರಟವರು ಉತ್ತರಕ್ಕೆ ಬರುವಷ್ಟರಲ್ಲಿ ಮೂಲೆಗಳಲ್ಲಿ ಅಷ್ಟಿಷ್ಟು ಜನ ಉಳಿದು ಒದ್ದಾಡುತ್ತಾರೆ. ರಾಜ್ಯದ ಉತ್ತರ ತುದಿಯ ಅಪ್ಪರ್ ಪೆನಿನ್ಸುಲಾದಿಂದ ಶುರು ಮಾಡಿ. ಅಲ್ಲಿರುವುದು ಸುಮಾರು 3 ಲಕ್ಷ ಜನ, ಕಾಂಗ್ರೆಸ್ ಕ್ಷೇತ್ರ ಮ್ಯಾಕಿನಾ ಸೇತುವೆ ದಾಟಿ ಕೆಳಗಿಳಿಯಲೇಬೇಕು. ಮೊದಲು ಇಡೀ ಕೌಂಟಿಗಳನ್ನು ಬಳಿಯಿರಿ, ಅಂಚಿನಲ್ಲಿ ಪ್ರಿಸಿಂಕ್ಟ್‌ಗಿಳಿಯಿರಿ, ಬ್ಲಾಕನ್ನು ಕೊನೆಯ ಕೆಲವು ನೂರು ಜನರಿಗೆ ಇಟ್ಟುಕೊಳ್ಳಿ. ಮುಗಿದ ಕ್ಷೇತ್ರಕ್ಕೆ ಲಾಕ್ ಹಾಕಿ, ಇಲ್ಲದಿದ್ದರೆ ಪಕ್ಕದ್ದನ್ನು ಬಳಿಯುವಾಗ ಇದೂ ಅಳಿಸಿಹೋಗುತ್ತದೆ. ದೊಡ್ಡ ಬದಲಾವಣೆಗೆ ಮೊದಲು ನಕ್ಷೆಯ ನಕಲು ಮಾಡಿಕೊಳ್ಳಿ.

ಬ್ಲಾಕ್ ಮಟ್ಟದ ಅಂಕಿಗಳನ್ನು ಕಣ್ಣು ಮುಚ್ಚಿ ನಂಬುವಂತಿಲ್ಲ. 2020ರ ಗಣತಿಯಲ್ಲಿ ಖಾಸಗಿತನ ಕಾಪಾಡಲು ಬ್ಲಾಕುಗಳ ಲೆಕ್ಕದಲ್ಲಿ ಬೇಕೆಂದೇ ಸಣ್ಣ ಏರುಪೇರು ಬೆರೆಸಿದ್ದಾರೆ. ಮತಗಳನ್ನು ಎಣಿಸುವುದು ಪ್ರಿಸಿಂಕ್ಟ್ ಮಟ್ಟದಲ್ಲಿ, ಬ್ಲಾಕಿಗೆ ತೋರಿಸುವುದು ಹಂಚಿದ ಅಂದಾಜು. ನೂರಾರು ಬ್ಲಾಕ್ ಕೂಡಿದಾಗ ಪರವಾಗಿಲ್ಲ, ಒಂದು ಬೀದಿಯ ಮೇಲೆ ವಾದ ಕಟ್ಟಿದರೆ ಕುಸಿಯುತ್ತದೆ.

ಈ ಸಾಧನದ ಆಕರ್ಷಣೆಯೂ ಅಪಾಯವೂ ಅದರ ಐದು ಅಂಕಗಳು: ಮತಕ್ಕೆ ತಕ್ಕ ಸ್ಥಾನ, ಪೈಪೋಟಿ, ಅಲ್ಪಸಂಖ್ಯಾತರ ಪ್ರಾತಿನಿಧ್ಯ, ಆಕಾರದ ಅಡಕ (ಕ್ಷೇತ್ರ ಉದ್ದುದ್ದ ಚಾಚಿಕೊಳ್ಳದಿರುವುದು), ಕೌಂಟಿ ಒಡೆಯದಿರುವುದು. ಪ್ರತಿಯೊಂದಕ್ಕೂ ನೂರಕ್ಕೆ ಇಷ್ಟು ಎಂದು ಸಿಗುತ್ತದೆ, ಐದು ಮೂಲೆಯ ಚಿತ್ರವೂ ಬರುತ್ತದೆ. ಆಮೇಲೆ ಒಂದು ಪ್ರಿಸಿಂಕ್ಟ್ ಅತ್ತ, ಒಂದು ಇತ್ತ ಸರಿಸಿ ಅಂಕ ಏರಿಸುವ ಚಟ ಹತ್ತುತ್ತದೆ. ಮಿಷಿಗನ್ ಸಂವಿಧಾನದ ಆದ್ಯತೆಯ ಕ್ರಮ ಬೇರೆ. ಮೊದಲು ಸಮಾನ ಜನಸಂಖ್ಯೆ ಮತ್ತು ಮತದಾನ ಹಕ್ಕು ಕಾಯ್ದೆ, ಬಳಿಕ ಕ್ಷೇತ್ರದ ಭಾಗಗಳೆಲ್ಲ ಒಂದಕ್ಕೊಂದು ತಗುಲಿಕೊಂಡಿರುವುದು, ಮೂರನೆಯದು ಸಮಾನ ಹಿತಾಸಕ್ತಿಯ ಸಮುದಾಯಗಳು. ಪಕ್ಷಗಳ ನಡುವಿನ ನ್ಯಾಯ ನಾಲ್ಕನೆಯದು. ಹಾಲಿ ಸದಸ್ಯರಿಗೆ ಅನುಕೂಲ ಮಾಡದಿರುವುದು, ಕೌಂಟಿ-ಊರುಗಳ ಗಡಿ ಆಮೇಲೆ. ಆಕಾರದ ಅಡಕ ಕಟ್ಟಕಡೆಗೆ. ಐದು ಮೂಲೆಯಲ್ಲಿ ಸಮುದಾಯಕ್ಕೆ ಒಂದೂ ಮೂಲೆಯಿಲ್ಲ! ಅಂಕಪಟ್ಟಿ ಹಿಡಿದು ಸಾರ್ವಜನಿಕ ಸಭೆಗೆ ಹೋದವರು ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಬರೆದಂತೆ.

ಇನ್ನೊಂದು ಎಡವಟ್ಟು: ಯಾವ ಚುನಾವಣೆಯ ಮತ ಆಧಾರ ಎಂಬುದನ್ನು ಬದಲಿಸಿದರೆ ಅಂಕವೂ ಬದಲಾಗುತ್ತದೆ. ಹಲವು ಚುನಾವಣೆಗಳ ಸರಾಸರಿಯಲ್ಲಿ ನೋಡಿ, ಒಂದೊಂದರಲ್ಲೂ ಪರೀಕ್ಷಿಸಿ. ನಂತರ ಫೈಲನ್ನು ಪ್ಲಾನ್‌ಸ್ಕೋರ್ ಎಂಬ ಇನ್ನೊಂದು ವೆಬ್ ತಾಣಕ್ಕೆ ಹಾಕಿದರೆ ಎಫಿಶಿಯೆನ್ಸಿ ಗ್ಯಾಪ್‌ನಂಥ (ಎರಡು ಪಕ್ಷಗಳ ವ್ಯರ್ಥವಾದ ಮತಗಳ ಅಂತರ) ಬೇರೆ ಅಳತೆಗಳಲ್ಲೂ ಪಕ್ಷಪಾತ ಇದೆಯೇ ಎಂದು ಗೊತ್ತಾಗುತ್ತದೆ.

ಜನಾಂಗದ ಶೇಕಡಾವಾರು ಅಂಕಣ ಹೆಚ್ಚಿನ ಎಚ್ಚರ ಬೇಡುತ್ತದೆ. ಆಯೋಗದ 2021ರ ನಕ್ಷೆಗಳಲ್ಲಿ ಡೆಟ್ರಾಯಿಟ್ ಪ್ರದೇಶದ 13 ಕ್ಷೇತ್ರಗಳನ್ನು, 7 ಹೌಸ್ ಮತ್ತು 6 ಸೆನೆಟ್, ಫೆಡರಲ್ ನ್ಯಾಯಾಲಯ 2023ರ ಡಿಸೆಂಬರ್‌ನಲ್ಲಿ ರದ್ದು ಮಾಡಿತು. ಗಡಿಯನ್ನು ಮುಖ್ಯವಾಗಿ ಜನಾಂಗ ನೋಡಿಯೇ ಬರೆದಿದ್ದಾರೆ ಎಂಬುದು ಕಾರಣ. 2024ರಲ್ಲಿ ಮತ್ತೆ ಬರೆಯಬೇಕಾಯಿತು. ಸ್ವತಂತ್ರ ಆಯೋಗವೇ ಹೀಗೆ ಸಿಕ್ಕಿಬಿತ್ತು ಎಂದಮೇಲೆ, ಪರದೆಯ ಮೇಲಿನ ಶೇಕಡಾವಾರನ್ನು ಗುರಿಯಿಟ್ಟು ಕ್ಷೇತ್ರ ಕೊರೆಯುವ ಕೆಲಸಕ್ಕೆ ಸ್ವಯಂಸೇವಕರು ಕೈ ಹಾಕದಿರುವುದು ಲೇಸು.

ಡಿಸ್ಟ್ರಿಕ್ಟರ್ ಬೇಕಾಗುವುದು ಇಲ್ಲೇ. ಕ್ಷೇತ್ರಗಳ ಗಡಿಯನ್ನು ಗಣಿತದಿಂದ ಅಧ್ಯಯನ ಮಾಡುವ ಟಫ್ಟ್ಸ್ ವಿಶ್ವವಿದ್ಯಾಲಯದ ಎಂಜಿಜಿಜಿ ಪ್ರಯೋಗಾಲಯದಲ್ಲಿ ಹುಟ್ಟಿದ ಇದರಲ್ಲಿ ಕ್ಷೇತ್ರ ಬರೆಯದೆ ಸಮುದಾಯವನ್ನಷ್ಟೇ ಗುರುತಿಸಬಹುದು: ಪ್ರದೇಶ ಬಳಿದು, ಹೆಸರಿಟ್ಟು, ವಿವರಣೆ ಬರೆದು, ಲಿಂಕ್ ಕಳಿಸಿದರಾಯಿತು. ವಿಶ್ಲೇಷಣೆಯಲ್ಲಿ ಡೇವ್ಸ್‌ನ ಹತ್ತಿರಕ್ಕೂ ಬರುವುದಿಲ್ಲ. ಆದರೆ ಡೆಟ್ರಾಯಿಟ್ ಪಕ್ಕದ ಡಿಯರ್‌ಬಾರ್ನ್‌ನ ಅರಬರನ್ನು 2020ರ ಗಣತಿ ಬಿಳಿಯರ ಲೆಕ್ಕಕ್ಕೆ ಸೇರಿಸಿದೆ, ಹಾಗಾಗಿ ಡೇವ್ಸ್‌ನ ಬಣ್ಣಗಳಲ್ಲಿ ಅವರು ಕಾಣುವುದೇ ಇಲ್ಲ. ಬಾಂಗ್ಲಾದೇಶೀಯರ ಬಡಾವಣೆ ಬಾಂಗ್ಲಾಟೌನ್ ಹ್ಯಾಮ್‌ಟ್ರಾಮ್ಕ್ ಮತ್ತು ಡೆಟ್ರಾಯಿಟ್ ಎರಡೂ ಊರುಗಳ ಗಡಿಯ ಮೇಲೆ ಹರಡಿದೆ. ಊರಿನ ಗೆರೆ ಹಿಡಿದು ಬಳಿದರೆ ಅದು ಎರಡು ತುಂಡು.

ಡೆಟ್ರಾಯಿಟ್ ಸುತ್ತಲಿನ ನೋವೈ, ಟ್ರಾಯ್, ಕ್ಯಾಂಟನ್ ಕಡೆಯ ಕನ್ನಡಿಗರ ಪಾಡೂ ಇದೇ. ಬ್ಲಾಕಿನ ಅಂಕಿಯಲ್ಲಿ ಅವರು ಬರೀ ‘ಏಷ್ಯನ್’, ಕನ್ನಡ, ತೆಲುಗು, ಚೀನೀ ಎಲ್ಲ ಒಂದೇ. ‘ನಾವು ಇಲ್ಲಿದ್ದೇವೆ’ ಎಂದು ಬರೆದರೆ ಸಾಲದು. ನೋವೈನ ವೆಂಕಟೇಶ್ವರ ದೇವಸ್ಥಾನ, ಅಂಗಡಿಸಾಲು, ಶಾಲೆಗಳು, ಗಡಿಯ ರಸ್ತೆಗಳ ಹೆಸರು, ಪ್ರತಿನಿಧಿಯಿಂದ ಒಟ್ಟಾಗಿ ಕೇಳಬೇಕಾದ ಕೆಲಸ, ಇಷ್ಟನ್ನು ಒಂದೇ ಪುಟದಲ್ಲಿ ಹೇಳಿ. ಪಕ್ಷದ ಹೆಸರಾಗಲಿ ಅಭ್ಯರ್ಥಿಯ ಹೆಸರಾಗಲಿ ತರಬೇಡಿ. ಅಂಥ ಸಂಬಂಧ ಸಮುದಾಯವೆನಿಸುವುದಿಲ್ಲ ಎಂದು ಅಲ್ಲಿನ ಸಂವಿಧಾನದಲ್ಲೇ ಬರೆದಿದೆ.

ಡೇವ್ಸ್‌ನಿಂದ ಫೈಲ್ ತೆಗೆಯುವಾಗ ಬ್ಲಾಕ್ ಪಟ್ಟಿಯ ಸಿಎಸ್‌ವಿ (ಸಾಲುಸಾಲಾಗಿ ಅಂಕಿಗಳಿರುವ ಫೈಲ್) ಮತ್ತು ಜಿಯೋಜೇಸನ್ (ಗಡಿಗಳ ಆಕಾರವಿರುವ ಫೈಲ್) ಎರಡನ್ನೂ ಇಳಿಸಿಕೊಳ್ಳಿ. ಸಿಎಸ್‌ವಿಯನ್ನು ಎಕ್ಸೆಲ್‌ನಲ್ಲಿ ಸುಮ್ಮನೆ ತೆರೆದು ಸೇವ್ ಮಾಡಿದಿರೋ, 15 ಅಂಕಿಗಳ ಬ್ಲಾಕ್ ಸಂಖ್ಯೆ 2.61635ಇ+14 ಎಂದಾಗಿ ಡೆಟ್ರಾಯಿಟ್ ಇರುವ ವೇಯ್ನ್ ಕೌಂಟಿಯ ಸಾವಿರಾರು ಬ್ಲಾಕ್‌ಗಳು ಒಂದೇ ಆಗಿಬಿಡುತ್ತವೆ. ತೆರೆಯಲೇಬೇಕಿದ್ದರೆ ಆ ಅಂಕಣವನ್ನು ಪಠ್ಯವೆಂದು ಆರಿಸಿ ಇಂಪೋರ್ಟ್ ಮಾಡಿ. 2030ರ ಗಣತಿಯಲ್ಲಿ ಬ್ಲಾಕುಗಳ ಗಡಿ, ಸಂಖ್ಯೆ ಎರಡೂ ಬದಲಾಗುವುದರಿಂದ ಈಗಿನ ಸಿಎಸ್‌ವಿ ಮುಂದಿನ ಸುತ್ತಿನಲ್ಲಿ ನೇರವಾಗಿ ಕೂರುವುದಿಲ್ಲ. ಆಗ ಉಪಯೋಗಕ್ಕೆ ಬರುವುದು ಜಿಯೋಜೇಸನ್ನಿನ ಆಕಾರ ಮತ್ತು ರಸ್ತೆಗಳ ಹೆಸರಿರುವ ಆ ಒಂದು ಪುಟ.